ಹನ್ನೊಂದು ಪಾತ್ರೆ, ಒಂದು ಗೇಟ್‌ಪಾಸು

ಈ ಸಲದ ಯುಗಾದಿಯ ದಿನ ಬೇವುಬೆಲ್ಲ ಬಾಯಿಗೆ ಹಾಕಿಕೊಂಡು, ದೇವರ ಪಟದ ಮುಂದೆ ಎದೆ ಸೆಟೆಸಿ ನಿಂತು, ನಾನೊಂದು ಘೋರ ಪ್ರತಿಜ್ಞೆ ಮಾಡಿದೆ. "ಇನ್ನು ಮೇಲೆ ನನ್ನ ಸಹಿ ಇಲ್ಲದೆ ಈ ಮನೆಯಿಂದ ಒಂದು ಎಸಳು ಕರಿಬೇವೂ ಹೊರಗೆ ಹೋಗಕೂಡದು!"

ದೇವರ ಪಟ ಅಲುಗಾಡಲಿಲ್ಲ. ನನ್ನ ಹೆಂಡತಿ ಶಿವಲಕ್ಷ್ಮಿಯೂ ಅಲುಗಾಡಲಿಲ್ಲ. ಒಬ್ಬಟ್ಟು ತಟ್ಟುತ್ತಾ ಕೂತಿದ್ದವಳು ತಲೆ ಕೂಡ ಎತ್ತದೆ, "ಬೇವು ಜಾಸ್ತಿ ತಿಂದ್ಬುಟ್ರಾ?" ಎಂದಳು, ಅಷ್ಟೆ.

ಬೇರೆ ಯಾರಾದರೂ ಇಂಥ ಪ್ರತಿಜ್ಞೆ ಮಾಡಿದ್ದರೆ ನಗಬಹುದಿತ್ತು. ಆದರೆ ನಾನು ಯಾರು? ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಹದಿನಾಲ್ಕು ವರ್ಷದಿಂದ ಗೇಟ್‌ಪಾಸು ಬರೆಯುತ್ತಿರುವ ಗಂಗರಾಜು! ನನ್ನ ಸಹಿ ಬೀಳದೆ ಅಲ್ಲಿಂದ ಒಂದು ನಟ್ಟು ಹೊರಗೆ ಹೋಗುವುದಿಲ್ಲ, ಒಂದು ಬೋಲ್ಟು ಹೋಗುವುದಿಲ್ಲ. ಒಂದು ಸಂಜೆ ನಮ್ಮ ಜನರಲ್ ಮ್ಯಾನೇಜರ್ ಸಾಹೇಬರು ಕಾರ್ಖಾನೆಯ ಛತ್ರಿಯೊಂದನ್ನು ಪಾಸಿಲ್ಲದೆ ಒಯ್ಯುತ್ತಿದ್ದಾಗ ಅವರನ್ನು ಗೇಟಿನಲ್ಲೇ ತಡೆದು, ಛತ್ರಿ ಕಿತ್ತುಕೊಂಡು, ಸುರಿಯುವ ಮಳೆಯಲ್ಲಿ ಕಾರಿನವರೆಗೆ ಓಡಿಸಿದ ವೀರ ನಾನು! ಅಂದಿನಿಂದ ನನ್ನ ಪ್ರಮೋಷನ್ನೂ ಗೇಟಿನಲ್ಲೇ ನಿಂತಿದೆ, ಅದು ಬೇರೆ ವಿಷಯ.

ಇಲ್ಲೊಂದು ಸಣ್ಣ ಸಂಗತಿ ಹೇಳಬೇಕು. ಕಾರ್ಖಾನೆಯಲ್ಲಿ ನನ್ನದು ಹೊರಗೆ ಹೋಗುವ ಮಾಲಿನ ರಿಜಿಸ್ಟರು ಮಾತ್ರ. ಒಳಗೆ ಬರುವ ಮಾಲಿನದು ಪಕ್ಕದ ಕಿಟಕಿಯ ಸ್ವಾಮಿಗೆ ಸೇರಿದ್ದು. ಲಾರಿಗಟ್ಟಲೆ ಮಾಲು ಒಳಗೆ ಬರುತ್ತಿದ್ದರೂ ನಾನು ಕತ್ತೆತ್ತಿ ನೋಡಿದವನಲ್ಲ. ನಮ್ಮ ಡಿಪಾರ್ಟ್‌ಮೆಂಟ್ ಅಲ್ಲದ್ದಕ್ಕೆ ನಾವು ಯಾಕೆ ತಲೆ ಹಾಕಬೇಕು? ಈ ಮಾತನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ, ಕೆಟ್ಟೆ.

ಪ್ರತಿಜ್ಞೆಗೆ ಕಾರಣ ನನ್ನ ನಾದಿನಿ ಮಮತಾ. ಶಿವಲಕ್ಷ್ಮಿಯ ಒಬ್ಬಳೇ ತಂಗಿ. ಮಾಗಡಿಗೆ ಕೊಟ್ಟಿದ್ದೇವೆ, ಈಗ ಚೊಚ್ಚಲ ಬಸುರಿ. ಬಸುರಿಗೆ ಬಳೆ ತೊಡಿಸುವ ಶಾಸ್ತ್ರ ತವರಿನಲ್ಲಿ ಆಗಬೇಕು. ಅತ್ತೆ ಮಾವ ಇಬ್ಬರೂ ತೀರಿಕೊಂಡು ಆರು ವರ್ಷವಾಯಿತು.

"ಅವ್ವ ಹೋಗೋವಾಗ ಅವಳ ಕೈಯ ನನ್ ಕೈಲಿ ಇಟ್ಟು ಹೋಯ್ತು ರೀ," ಎಂದಳು ಶಿವಲಕ್ಷ್ಮಿ. "ಅವಳಿಗೀಗ ತವರು ಅಂದ್ರೆ ಈ ಕನಕಪುರದ ಮನೇನೇ. ನಾಕ್ ಜನ ಮುತ್ತೈದೇರು ಬಂದು, ಅವಳ ಕೈತುಂಬ ಬಳೆ ಇಕ್ಕಿ, ಹೊಟ್ಟೆತುಂಬ ಉಂಡು ಹೋಗ್ಬೇಕು. ಅವ್ವ ಇದ್ದಿದ್ರೆ ಹೆಂಗೆ ಮಾಡ್ತಿತ್ತೋ ಹಂಗೇ ಮಾಡ್ಬೇಕು."

ಈ ಮಾತಿಗೆ ಎದುರಾಡುವಷ್ಟು ಕಲ್ಲೆದೆ ನನ್ನದಲ್ಲ. ಅಡುಗೆ ಕಂಟ್ರಾಕ್ಟರ್ ಮುನಿಯಪ್ಪನನ್ನು ವಿಚಾರಿಸಿದೆ. ಎಲೆಗೆ ಆರುನೂರು ಎಂದ. ಎಂಬತ್ತು ಎಲೆಗೆ ನಲವತ್ತೆಂಟು ಸಾವಿರ! ನನ್ನ ಎರಡು ತಿಂಗಳ ಸಂಬಳಕ್ಕೆ ಸ್ವಲ್ಪ ಕಮ್ಮಿ!

"ಆ ಮುನಿಯಪ್ಪನ್ನ ಯಾಕೆ ಕೇಳಾಕ್ ಹೋದ್ರಿ? ನನ್ ಕೈಗೆ ಹತ್ತು ಸಾವ್ರ ಕೊಡಿ. ನಾನು ಮಾಡ್ತೀನಿ."

"ಹತ್ತು ಸಾವಿರಕ್ಕೆ ಎಂಬತ್ತು ಜನಕ್ಕೆ ಊಟವಾ? ಶಿವೀ, ಇವತ್ತು ಹತ್ತು ಸಾವಿರಕ್ಕೆ ಎಂಬತ್ತು ಜನಕ್ಕೆ ನೀರೂ ಬರೋದಿಲ್ಲ!"

"ಬತ್ತದೆ. ನೋಡ್ತಾ ಇರಿ."

ನಾನು ಗಹಗಹಿಸಿ ನಕ್ಕೆ. ಪಾಪ, ಹೆಂಗಸು, ಲೋಕಜ್ಞಾನವಿಲ್ಲ ಎಂದುಕೊಂಡೆ. ಕಂಪನಿ ಬಸ್ಸಿನಲ್ಲಿ ದಿನಾ ಮೊಬೈಲ್ ತುಂಬ ಹಣಕಾಸಿನ ವಿಡಿಯೋ ನೋಡುವವನು ನಾನಲ್ಲವೇ! ಅದರಲ್ಲಿ ಕೋಟು ಹಾಕಿದ ಒಬ್ಬ ಮಹಾನುಭಾವ ದಿನವೂ ಬೆರಳು ತೋರಿಸಿ ಹೇಳುತ್ತಿದ್ದ: "ಸಂಪಾದನೆ ಮುಖ್ಯವಲ್ಲ, ಸೋರಿಕೆ ಮುಖ್ಯ!" ನಮ್ಮ ಮನೆಯ ಸೋರಿಕೆ ನಿಲ್ಲಿಸಿದರೆ ನಲವತ್ತೆಂಟು ಸಾವಿರ ತಾನಾಗಿ ಉಳಿಯುತ್ತದೆ ಎಂದು ತೀರ್ಮಾನಿಸಿಯೇ ಯುಗಾದಿಯ ದಿನ ಆ ಪ್ರತಿಜ್ಞೆ ಮಾಡಿದ್ದು.

ಮುಂದಿನ ಭಾನುವಾರವೇ ಸೋರಿಕೆ ಪತ್ತೆ ಕಾರ್ಯಾಚರಣೆ! ಬೆಳಗ್ಗೆ ಆರಕ್ಕೆ ಮುಂಬಾಗಿಲ ಜಗಲಿಯ ಮೇಲೆ ಕುರ್ಚಿ ಹಾಕಿ, ತೊಡೆಯ ಮೇಲೆ ನೋಟ್‌ಬುಕ್ಕು, ಕಿವಿಗೆ ಪೆನ್ನು ಸಿಕ್ಕಿಸಿ ಕೂತೆ. ಏಳಕ್ಕೆ ನನ್ನ ಮಗಳು ಮಾನ್ಯ ಒಂದು ಡಬ್ಬಿ ಬಸ್ಸಾರು ಹಿಡಿದು ಬೀದಿ ಕೊನೆಯ ದೊಡ್ಡಲಕ್ಷ್ಮಮ್ಮನ ಮನೆಗೆ ಓಡಿದಳು. ಎಂಟಕ್ಕೆ ಒಂದು ಪಾತ್ರೆ ದೋಸೆಹಿಟ್ಟು ಪಕ್ಕದ ಮನೆಯ ಗುಲ್ಜಾರ್ ಬೀಗೆ ಹೋಯಿತು. ಆಮೇಲೆ ನುಗ್ಗೆಕಾಯಿ ಹೋಯಿತು, ಸಾರಿನ ಪುಡಿ ಹೋಯಿತು, ಹೆಪ್ಪಿಗೆ ಮಜ್ಜಿಗೆ ಹೋಯಿತು. ಸಂಜೆ ಹೊತ್ತಿಗೆ ಹತ್ತೊಂಬತ್ತು ಐಟಂ ಹೊರಗೆ! ಒಳಗೆ ಬಂದದ್ದು ಸೊನ್ನೆ! ಇದು ಮನೆಯೋ, ಛತ್ರವೋ?

ಒಳಗೆ ಏನೂ ಬಂದಿಲ್ಲ ಎಂದು ಯಾಕೆ ಬರೆದೆ ಎಂದರೆ ಮುಂಬಾಗಿಲಿಂದ ಏನೂ ಬಂದಿರಲಿಲ್ಲ. ಪೊಲೀಸಿನವನ ಹಾಗೆ ಗಂಡಸೊಬ್ಬ ಪೆನ್ನು ಹಿಡಿದು ಜಗಲಿ ಮೇಲೆ ಕೂತಿರುವುದನ್ನು ನೋಡಿ ಬೀದಿಯ ಹೆಂಗಸರೆಲ್ಲ ಅವತ್ತು ಹಿತ್ತಲ ಬಾಗಿಲಿಂದಲೇ ಓಡಾಡಿದರಂತೆ. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಅರವತ್ತು ರೂಪಾಯಿ ಕೊಟ್ಟು ಒಂದು ಗೇಟ್‌ಪಾಸ್ ಪುಸ್ತಕ ತಂದೆ. ಕಾರ್ಬನ್ ಹಾಳೆ ಬೇರೆ. ಮಿತವ್ಯಯದ ಮೊದಲ ಖರ್ಚು! ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ಇಂಥ ಸಂಭಾಷಣೆಗಳು ಶುರುವಾದವು.

"ಐಟಂ?"

"ಕರಿಬೇವು."

"ಸಂಖ್ಯೆ?"

"ಎರಡು ಎಸಳು."

"ಉದ್ದೇಶ?"

"ಒಗ್ಗರಣೆಗೆ ರೀ! ಇನ್ನೇನು ಕರಿಬೇವಿಗೆ ಮದ್ವೆ ಮಾಡ್ತಾರಾ?"

"ವಾಪಸ್ ಬರುತ್ತದೋ, ಇಲ್ಲವೋ?"

"ಕರಿಬೇವು ವಾಪಸ್ ಬತ್ತದಾ?" ಶಿವಲಕ್ಷ್ಮಿ ಸೊಂಟದ ಮೇಲೆ ಕೈ ಇಟ್ಟುಕೊಂಡಳು. "ಅಲ್ಲಾ ರೀ, ಕರಿಬೇವು ಉಳ್ಸಿ ನಲವತ್ತೆಂಟು ಸಾವ್ರ ಮಾಡ್ತೀರಾ? ಮಮತನ ಮಗ ಎಸ್ಸೆಸ್ಸೆಲ್ಸಿ ಮುಗಿಸಿರ್ತದೆ ಅಷ್ಟೊತ್ಗೆ!"

ನಾನು ಗಂಭೀರವಾಗಿ 'ನಾನ್ ರಿಟರ್ನೆಬಲ್' ಎಂದು ಬರೆದು ಸಹಿ ಹಾಕಿದೆ. ಮಹಾಕಾರ್ಯ ಮಾಡುವವರಿಗೆ ಅಡ್ಡಿ ಆತಂಕ ಇದ್ದದ್ದೇ.

ಇಲ್ಲಿಗೇ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದೆ. ಆದರೆ ಶಾಸ್ತ್ರಕ್ಕೆ ಹತ್ತು ದಿನ ಇದೆ ಎನ್ನುವಾಗ ಶಿವಲಕ್ಷ್ಮಿ ತಂಗಿಯ ಮನೆಯವರನ್ನು ಕರೆಯಲು ಮಾಗಡಿಗೆ ಹೊರಟಳು. ಮೂರು ದಿನದ ಮಟ್ಟಿಗೆ. ಬಸ್ಸು ಹತ್ತುವಾಗ ಕೂಡ ಹೇಳಿದಳು, "ಮನೆ ನೋಡ್ಕಳಿ. ಏನೂ ಮಾಡಾಕ್ ಹೋಗ್ಬ್ಯಾಡಿ. ಸುಮ್ನೆ ನೋಡ್ಕಳಿ, ಸಾಕು." ಹೆಂಡತಿ ಏನೂ ಮಾಡಬೇಡ ಎಂದು ಹೋದ ಮೇಲೆ ಗಂಡಸಾದವನು ಏನಾದರೂ ಮಾಡದೆ ಇರಲು ಸಾಧ್ಯವೇ?

ಅಡುಗೆಮನೆಯ ಸ್ಟಾಕು ಎಣಿಸಿದೆ. ನಮ್ಮಲ್ಲಿ ಸ್ಟೀಲ್ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಹೆಸರು ಹಾಕಿಸುವುದು ಪದ್ಧತಿ. 'ಗಂಗರಾಜು' ಎಂದು ಹೆಸರಿದ್ದ ಪಾತ್ರೆಗಳಲ್ಲಿ ಹನ್ನೊಂದು ನಾಪತ್ತೆ! ಅವುಗಳ ಬದಲಿಗೆ ಸ್ಟ್ಯಾಂಡಿನಲ್ಲಿ ಪರಕೀಯರು ಏಳು ಜನ! ಒಂದರ ಮೇಲೆ 'ಗುಲ್ಜಾರ್', ಇನ್ನೊಂದರ ಮೇಲೆ 'ದೊ.ಲ.', ಮತ್ತೊಂದು ದೊಡ್ಡ ಡಬ್ಬಿಯ ಮೇಲೆ 'ನರಸಯ್ಯನವರ ಗೃಹಪ್ರವೇಶದ ನೆನಪಿಗಾಗಿ'. ನರಸಯ್ಯ ಎಂದರೆ ದೊಡ್ಡಲಕ್ಷ್ಮಮ್ಮನ ಗಂಡ. ಅವರ ಗೃಹಪ್ರವೇಶದ ನೆನಪು ನಮ್ಮ ಮನೆಯಲ್ಲಿ ಯಾಕೆ ಕೂತಿದೆ?

ಏಳೂ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ಫಳಫಳ ಹೊಳೆಯುವಂತೆ ತಿಕ್ಕಿದೆ. ಚೀಲಕ್ಕೆ ತುಂಬಿ ಹೊರಡುವಾಗ, ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ನಮ್ಮವ್ವ ಮುನಿತಾಯಮ್ಮ ಕೂಗಿದಳು.

"ಲೇ ಗಂಗಾ, ಬರೀ ಪಾತ್ರೆ ಕೊಡ್ಬ್ಯಾಡ ಕಣ್ಲಾ. ಒಸಿ ಸಕ್ಕರೆನಾರ ಹಾಕು. ಇಲ್ಲ ಒಂದು ನಿಂಬೆಹಣ್ಣಾರ ಹಾಕು."

"ಅವ್ವಾ, ಸಕ್ಕರೆ ಕೇಜಿಗೆ ಎಷ್ಟಾಗಿದೆ ಗೊತ್ತಾ?"

"ಅದು ಗೊತ್ತಿಲ್ಲ ಮಗ. ಬರೀ ಪಾತ್ರೆ ಎಷ್ಟಾಯ್ತದೆ ಅಂತ ಗೊತ್ತು."

ಹಳೇಕಾಲದವರು, ಇವರಿಗೆ ಸ್ಟಾಕ್ ಟ್ಯಾಲಿ ಎಂದರೇನು ಅರ್ಥವಾಗಬೇಕು ಎಂದುಕೊಂಡು ಹೊರಟೆ.

ದೊಡ್ಡಲಕ್ಷ್ಮಮ್ಮ ಹಸುವಿನ ಮೈ ತೊಳೆಯುತ್ತಿದ್ದರು. ಡಬ್ಬಿ ಕೈಗೆ ಕೊಟ್ಟೆ. ಅವರು ಮುಚ್ಚಳ ತೆಗೆದರು. ಒಳಗೆ ನೋಡಿದರು. ನನ್ನ ಮುಖ ನೋಡಿದರು. ಮತ್ತೆ ಒಳಗೆ ನೋಡಿದರು.

"ಬರೀದು ತಂದಿದ್ದೀಯೇನಪ್ಪಾ?"

"ಹೂಂ ಅಕ್ಕ. ತೊಳೆದೂ ಇದ್ದೀನಿ!" ಎಂದೆ ಹೆಮ್ಮೆಯಿಂದ. "ಹಾಗೇ ನಮ್ಮ ಪಾತ್ರೆ ಮೂರು ನಿಮ್ಮಲ್ಲಿವೆ. ಅವನ್ನೂ ಕೊಟ್ಟುಬಿಡಿ. ಇನ್ನು ಮೇಲೆ ನಿಮ್ಮದು ನಿಮಗೆ, ನಮ್ಮದು ನಮಗೆ. ಕ್ಲೀನಾಗಿರುತ್ತೆ."

ಆ ಹೆಂಗಸು ಡಬ್ಬಿಯ ಮುಚ್ಚಳ ಹಾಕಿದರು. ಒಳಗೆ ಹೋಗಿ ಮೂರು ಪಾತ್ರೆ ತಂದು ನನ್ನ ಕಾಲ ಬಳಿ ಇಟ್ಟರು. ಕೈಗೆ ಕೊಡಲಿಲ್ಲ, ನೆಲಕ್ಕೆ ಇಟ್ಟರು. ನಾನು ಅದನ್ನೂ ಶಿಸ್ತು ಎಂದೇ ತಿಳಿದೆ.

ಗುಲ್ಜಾರ್ ಬೀ ಮನೆಯಲ್ಲಿ ನಮ್ಮ ಪಾತ್ರೆ ಒಲೆಯ ಪಕ್ಕದಲ್ಲೇ ತಯಾರಾಗಿ ಕೂತಿತ್ತು.

"ಒಸಿ ತಾಳಪ್ಪಾ ಗಂಗರಾಜು, ಖೀರು ಕುದೀತಾ ಐತೆ. ತುಂಬ್ಸಿ ಕೊಡ್ತೀನಿ. ಮಾನ್ಯಂಗೆ ಇಷ್ಟ."

"ಬೇಡ ಬೀಯಮ್ಮ. ಪಾತ್ರೆ ಕೊಡಿ ಸಾಕು. ಟ್ಯಾಲಿ ಆಗಬೇಕು."

ಹೊಲಿಗೆ ಮಿಷನ್ ತುಳಿಯುತ್ತಿದ್ದ ಅವರ ಸೊಸೆ ಮುನವ್ವರಾ ಕಾಲು ನಿಲ್ಲಿಸಿದಳು. ಮಿಷನ್ ಸದ್ದು ನಿಂತಿತು. ಖೀರು ಮಾತ್ರ ಕುದಿಯುತ್ತಿತ್ತು. ಗುಲ್ಜಾರ್ ಬೀ ಸೆರಗಿನಿಂದ ಪಾತ್ರೆ ಒರೆಸಿ, "ತಗೋ" ಎಂದರು. ಆ 'ತಗೋ'ದಲ್ಲಿ ಖೀರಿನ ಬಿಸಿಯೂ ಇರಲಿಲ್ಲ, ಸಿಹಿಯೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹನ್ನೊಂದಕ್ಕೆ ಹನ್ನೊಂದೂ ಪಾತ್ರೆ ಸೆರೆ! ಸಾಲಾಗಿ ಜೋಡಿಸಿ, ಫೋಟೋ ತೆಗೆದು, ಮಾಗಡಿಯಲ್ಲಿದ್ದ ಹೆಂಡತಿಗೆ ಕಳಿಸಿದೆ. ಕೆಳಗೆ 'ಸ್ಟಾಕ್ ಕ್ಲಿಯರ್!' ಎಂದು ಬರೆದೆ. ಎರಡೇ ನಿಮಿಷದಲ್ಲಿ ಉತ್ತರ ಬಂತು. "ಏನ್ ಮಾಡ್ಬುಟ್ರಿ?" ಮೆಚ್ಚುಗೆ ಎಂದುಕೊಂಡು ಎರಡು ಸಲ ಓದಿದೆ.

ಮಾರನೆಯ ಬೆಳಗ್ಗೆ ನಲ್ಲಿಯಲ್ಲಿ ನೀರು ಬರಲಿಲ್ಲ. ಬರಲಿಲ್ಲ ಎನ್ನುವುದು ತಪ್ಪು. ಬಂದಿತ್ತು, ಹೋಗಿತ್ತು. ನಮ್ಮ ಬೀದಿಗೆ ನೀರು ಎರಡು ದಿನಕ್ಕೊಮ್ಮೆ, ಅದೂ ಯಾವ ಹೊತ್ತಿಗೆ ಎಂದು ಆ ವರುಣನಿಗೂ ಗೊತ್ತಿಲ್ಲ. ಆದರೂ ಶಿವಲಕ್ಷ್ಮಿ ಸರಿಯಾಗಿ ಎದ್ದು ಹಿಡಿದುಬಿಡುತ್ತಿದ್ದಳು. ಎಂಥ ಎಚ್ಚರ ಇವಳದು ಎಂದು ಹನ್ನೆರಡು ವರ್ಷ ಬೆರಗಾಗಿದ್ದೆ.

"ಗುಲ್ಜಾರಜ್ಜಿ ಹಿತ್ತಲ ಗೋಡೆಗೆ ಸೌಟಲ್ಲಿ ಕುಟ್ತಿದ್ರು ಅಪ್ಪಾ," ಎಂದಳು ಮಾನ್ಯ. "ಅದ್ಕೇ ಅಮ್ಮ ಎದ್ದೇಳ್ತಿದ್ದಿದ್ದು. ಇವತ್ತು ಕುಟ್ಟಿಲ್ಲ."

ಟ್ಯಾಂಕರ್ ನೀರಿಗೆ ಏಳುನೂರು ರೂಪಾಯಿ!

ಅವತ್ತು ಮಧ್ಯಾಹ್ನ ಗ್ಯಾಸ್ ಮುಗಿಯಿತು. ಇಂಥ ಹೊತ್ತಿನಲ್ಲಿ ದೊಡ್ಡಲಕ್ಷ್ಮಮ್ಮನ ಮನೆಯ ಎರಡನೇ ಸಿಲಿಂಡರ್ ಉರುಳಿಕೊಂಡು ಬರುತ್ತಿತ್ತು, ನಮ್ಮದು ಬಂದ ಮೇಲೆ ಅಲ್ಲಿಗೆ ಉರುಳಿಕೊಂಡು ಹೋಗುತ್ತಿತ್ತು. ನಾನು ನಾಚಿಕೆ ಬಿಟ್ಟು ಅವರ ಮನೆಯತ್ತ ಹೊರಟೆ. ಅವರು ಹಸು ಹೊಡೆದುಕೊಂಡು ಎದುರಿಗೇ ಬಂದರು. ನನ್ನನ್ನು ನೋಡಿ, ಹಸುವಿನ ಕಿವಿಯಲ್ಲಿ ಹೇಳಿದರು, "ಬಾರವ್ವ ಗೌರಿ. ಅವರ್ದು ಅವರ್ಗೆ, ನಮ್ದು ನಮ್ಗೆ. ಕಿಲೀನಾಗಿರ್ತದೆ." ಹಸು ಕೂಡ ಮುಖ ತಿರುಗಿಸಿಕೊಂಡು ಹೋಯಿತು.

ಎರಡು ದಿನ ಮೂರು ಹೊತ್ತೂ ಹೋಟೆಲ್ ಊಟ. ಅವ್ವ ಹೋಟೆಲಿನ ಮುದ್ದೆಯನ್ನು ಬೆರಳಲ್ಲಿ ಒತ್ತಿ ನೋಡಿ, "ಇದ್ರಲ್ಲಿ ಗೋಡೆ ಕಟ್ಬೋದು," ಎಂದು ಪಕ್ಕಕ್ಕೆ ಸರಿಸಿದಳು. ಸೋಮವಾರ ಸಂಜೆ ಮುನವ್ವರಾ ಒಂದು ಪೊಟ್ಟಣ ಕಳಿಸಿದಳು. ಬಿಚ್ಚಿದರೆ ಮಮತಾಗೆ ಶಾಸ್ತ್ರದ ದಿನ ತೊಡಿಸಲು ಹೊಲಿಗೆಗೆ ಕೊಟ್ಟಿದ್ದ ಕುಪ್ಪಸದ ಬಟ್ಟೆ. ಮಡಿಕೆ ಕೂಡ ಕೆಟ್ಟಿರಲಿಲ್ಲ. ಹೊಲಿದಿರಲಿಲ್ಲ.

ಆ ಪೊಟ್ಟಣವನ್ನು ಹನ್ನೊಂದು ಪಾತ್ರೆಗಳ ಪಕ್ಕದಲ್ಲೇ ಇಟ್ಟೆ.

ಶಿವಲಕ್ಷ್ಮಿ ಬಂದಳು. ಬ್ಯಾಗು ಇಟ್ಟಳು. ಸಾಲಾಗಿ ಹೊಳೆಯುತ್ತಿದ್ದ ಹನ್ನೊಂದು ಪಾತ್ರೆ ನೋಡಿದಳು, ಬಟ್ಟೆಯ ಪೊಟ್ಟಣ ನೋಡಿದಳು. ಕೂಗಾಡುತ್ತಾಳೆ ಎಂದು ಮೈ ಗಟ್ಟಿಮಾಡಿಕೊಂಡು ನಿಂತಿದ್ದೆ. ಅವಳು ಕೂಗಾಡಲಿಲ್ಲ. ಒರಳುಕಲ್ಲಿನ ಮೇಲೆ ಕುಸಿದು ಕೂತಳು.

"ಹತ್ತು ಸಾವ್ರದಲ್ಲಿ ಹೆಂಗ್ ಮಾಡ್ತೀಯ ಅಂತ ನಕ್ರಲ್ಲಾ. ಹೇಳ್ತೀನಿ ಕೇಳಿ," ಎಂದಳು ಮೆಲ್ಲಗೆ. "ಪಾಯಸಕ್ಕೆ ಹಾಲು, ಎಂಬತ್ತು ಜನಕ್ಕೆ ಮಜ್ಜಿಗೆ, ಎಲ್ಡು ಕೊಳಗ, ಒಂದು ಹಂಡೆ, ಎಲ್ಲಾ ದೊಡ್ಡಲಕ್ಷ್ಮಕ್ಕಂದು. ಜಮಖಾನ ಗುಲ್ಜಾರಮ್ಮಂದು. ಕುಪ್ಪಸ ಮುನವ್ವರಾ ಹೊಲ್ಯೋದು. ಬಾಳೆಎಲೆ ಒಬ್ರ ತೋಟದ್ದು, ತೆಂಗಿನಕಾಯಿ ಇನ್ನೊಬ್ರ ಮನೇದು. ಬೀದಿ ಹೆಂಗಸ್ರು ಒಂಬತ್ತು ಜನ ಬೆಳಗಿಂದ ಬಂದು ಹೆಚ್ಚಿ, ರುಬ್ಬಿ, ಬೇಯ್ಸೋದು. ನಾನು ಕೊಡ್ಬೇಕಾಗಿದ್ದು ಅಕ್ಕಿ, ಬೇಳೆ, ಬೆಲ್ಲ, ಬಳೆ, ಅಷ್ಟೇಯ."

ನಾನು ಅವಳೆದುರು ನೆಲದ ಮೇಲೆ ಕೂತೆ.

"ದೊಡ್ಡಲಕ್ಷ್ಮಕ್ಕನ ಸೊಸೆ ಬಾಣಂತನಕ್ಕೆ ಒಂದು ತಿಂಗ್ಳು ಬಿಸಿನೀರು ಕಾಯ್ಸಿದ್ದೀನಿ. ಗುಲ್ಜಾರಮ್ಮ ಕಾಲು ಮುರ್ಕಂಡಾಗ ಅವರ ಮನೆ ರೊಟ್ಟಿ ಹಿಟ್ಟು ನಾನೇ ಕಲಸಿದ್ದು. ನೀವು ಬ್ಯಾಂಕಲ್ಲಿ ಕಟ್ತೀರ, ನಾನು ಬೀದೀಲಿ ಕಟ್ತೀನಿ. ಹನ್ನೆರಡು ವರ್ಷದಿಂದ ಕಟ್ಟಿದ್ದ ನೀವು ಮೂರು ದಿನದಲ್ಲಿ ಒಂದು ಚೀಲದಲ್ಲಿ ತುಂಬ್ಕಂಡು ಬಂದ್ಬುಟ್ರಿ. ಪಾತ್ರೆ ಬರೀದು ಕೊಟ್ರೆ ಏನರ್ಥ ಗೊತ್ತಾ? ಇನ್ನು ನಿಮ್ ಮನೆಗೂ ನಮ್ ಮನೆಗೂ ಕೊಡಾಕ್ಕೂ ಇಲ್ಲ, ತಗಳಾಕ್ಕೂ ಇಲ್ಲ ಅಂತ." ಅವಳ ದನಿ ಒಡೆಯಿತು. "ಮಮತಂಗೆ ಏನಂತ ಹೇಳ್ಲಿ? ಅವ್ವಂಗೆ ಏನಂತ ಹೇಳ್ಲಿ?"

ಸತ್ಯವಾಗಿ ಹೇಳುತ್ತೇನೆ, ಆ ಕ್ಷಣದಲ್ಲಿ ನನಗೆ ನಾಚಿಕೆಗಿಂತ ಹೆಚ್ಚಾಗಿ ಬೆರಗಾಯಿತು. ಹನ್ನೆರಡು ವರ್ಷದಿಂದ ಇಷ್ಟು ದೊಡ್ಡ ವಹಿವಾಟನ್ನು ಒಂದು ಕಾಗದವಿಲ್ಲದೆ, ಒಂದು ಸಹಿಯಿಲ್ಲದೆ, ತಲೆಯೊಳಗೇ ಇಟ್ಟುಕೊಂಡು ನಡೆಸಿದ್ದಾಳೆ ಈ ಹೆಣ್ಣು! ನಮ್ಮ ಕಾರ್ಖಾನೆಗೆ ನಾಲ್ಕು ಕಂಪ್ಯೂಟರಿದ್ದರೂ ವರ್ಷಕ್ಕೊಮ್ಮೆ ಲೆಕ್ಕ ತಪ್ಪುತ್ತದೆ. ನಾನು ಹೊರಗೆ ಹೋದದ್ದನ್ನೇ ನೋಡಿ ಹೌಹಾರಿದ್ದೆ. ಒಳಗೆ ಬಂದದ್ದನ್ನೇ ತಿಂದು, ಕುಡಿದು, ಉಟ್ಟು ಬದುಕಿದ್ದೆ. ಅದು ಸ್ವಾಮಿಯ ಡಿಪಾರ್ಟ್‌ಮೆಂಟು ಎಂದು ಬಿಟ್ಟಿದ್ದೆನಲ್ಲ!

"ಶಿವೀ, ಮುನಿಯಪ್ಪನಿಗೇ ಹೇಳಿಬಿಡೋಣ. ಸಾಲ ಮಾಡಿಯಾದರೂ..." ಎಂದೆ.

ಅವಳು ಕಣ್ಣೊರೆಸಿಕೊಂಡು ಎದ್ದಳು. "ಸಾಲವೂ ಬ್ಯಾಡ, ಸೋಲವೂ ಬ್ಯಾಡ. ಬರೀದು ಕೊಟ್ಟವ್ರು ನೀವು. ತುಂಬ್ಸಿ ಕೊಡೋವ್ರೂ ನೀವೇಯ. ನಾನು ಕೈ ಹಾಕಾಕಿಲ್ಲ. ಗಂಡಸ್ರು ಮಾಡಿದ್ದು ಗಂಡಸ್ರೇ ತೊಳೀಬೇಕು."

ಹೀಗೆ ಗೇಟ್‌ಪಾಸ್ ಗಂಗರಾಜು, ಗ್ಯಾಸಿಲ್ಲದ್ದರಿಂದ, ಸೌದೆ ಒಲೆಯ ಮುಂದೆ ಕೂತ! ತಂಬಿಟ್ಟು ಮಾಡುವುದೆಂದು ತೀರ್ಮಾನವಾಯಿತು. ಅಕ್ಕಿಹಿಟ್ಟು, ಹುರಿಗಡಲೆ, ಎಳ್ಳು, ಕೊಬ್ಬರಿ, ಬೆಲ್ಲದ ಪಾಕ. ಉಂಡೆ ಕಟ್ಟಿದರೆ ಮುಗಿಯಿತು, ಇದರಲ್ಲಿ ಏನು ಮಹಾ? ಅವ್ವ ಮೂಲೆಯಿಂದ ನಿರ್ದೇಶನ ಕೊಟ್ಟಳು.

"ಪಾಕ ಸಾಕು, ಇಳುಸ್ಲಾ."

"ಇರವ್ವ, ಇನ್ನೂ ಒಂಚೂರು ಗಟ್ಟಿ ಬರಲಿ."

"ಗಂಗಾ, ಇಳ್ಸು ಅಂದೆ!"

"ಕ್ವಾಲಿಟಿ ಬೇಡವಾ ಅವ್ವಾ?"

ಕ್ವಾಲಿಟಿ ಬಂತು. ಎಂಥ ಕ್ವಾಲಿಟಿ ಎಂದರೆ, ಆರಿದ ಮೇಲೆ ಒಂದು ಉಂಡೆ ಕೈಜಾರಿ ನೆಲಕ್ಕೆ ಬಿದ್ದರೂ ಉಂಡೆಗೆ ಏನೂ ಆಗಲಿಲ್ಲ, ನೆಲದ ಟೈಲ್ಸ್ ಬಿರುಕುಬಿಟ್ಟಿತು! ಮತ್ತೆ ಮಾಡಲು ಬೆಲ್ಲವಿರಲಿಲ್ಲ. ಅದನ್ನೇ ಹನ್ನೊಂದು ಪಾತ್ರೆಗೂ ತುಂಬಿಕೊಂಡು, ಚೀಲ ಹೆಗಲಿಗೇರಿಸಿ, ಬೀದಿಗಿಳಿದೆ. ಗೇಟು ದಾಟುವಾಗ ಕಾಲು ತಾನಾಗಿ ನಿಂತಿತು. ಪಾಸು ಬರೆಯಲಿಲ್ಲ.

ದೊಡ್ಡಲಕ್ಷ್ಮಮ್ಮ ಜಗಲಿ ಮೇಲೆ ಕೂತಿದ್ದರು. ನಾನು ಪಾತ್ರೆ ಮುಂದಿಟ್ಟೆ. ಅವರು ಮುಚ್ಚಳ ತೆಗೆದರು. ಒಂದು ಉಂಡೆ ತೆಗೆದು ಕಂಬಕ್ಕೆ ಬಡಿದರು. ಕಂಬ ಸದ್ದು ಮಾಡಿತು.

"ಏನಪ್ಪಾ ಇದು? ತಿನ್ನಾಕೋ, ನಾಯಿಗೆ ಹೊಡ್ಯಾಕೋ?"

"ತಪ್ಪಾಯ್ತು ಅಕ್ಕ," ಎಂದೆ. "ಬರೀ ಪಾತ್ರೆ ತಂದದ್ದು ತಪ್ಪಾಯ್ತು. ಇದನ್ನು ಮಾಡಿದ್ದೂ ತಪ್ಪಾಯ್ತು. ಶಿವಲಕ್ಷ್ಮಿದು ಇದರಲ್ಲಿ ಏನೂ ಇಲ್ಲ. ಅವಳ ತಂಗಿ ಶಾಸ್ತ್ರ ಕೆಡಬಾರದು."

ಅವರು ನನ್ನನ್ನೇ ನೋಡಿದರು. ಬೆಲ್ಲದ ಪಾಕ ಸಿಡಿದು ಬೊಬ್ಬೆ ಎದ್ದಿದ್ದ ನನ್ನ ಎರಡು ಬೆರಳನ್ನೂ ನೋಡಿದರು. ಮೊದಲು ತುಟಿ ಅಲುಗಿತು, ಆಮೇಲೆ ಹೊಟ್ಟೆ ಕುಲುಕಿತು, ಆಮೇಲೆ ಜಗಲಿಯೇ ಅಲ್ಲಾಡುವಂತೆ ನಕ್ಕರು. ಒಳಗೆ ಹೋಗಿ ಉಂಡೆಗಳನ್ನು ಸುರುವಿಕೊಂಡು, ಪಾತ್ರೆ ತಂದು ನನ್ನ ಕೈಗೆ ಕೊಟ್ಟರು. ಈ ಸಲ ಕೈಗೆ! ಒಳಗೆ ಎರಡು ನಿಂಬೆಹಣ್ಣು. ಸಂಜೆ ಸಿಲಿಂಡರ್ ತಾನಾಗಿ ಉರುಳಿಕೊಂಡು ಬಂತು.

ಗುಲ್ಜಾರ್ ಬೀ ಒಂದು ಉಂಡೆ ಕಚ್ಚಿ ಕೆನ್ನೆ ಹಿಡಿದುಕೊಂಡರು.

"ಯಾ ಅಲ್ಲಾ! ನೀನೇ ಮಾಡಿದ್ದೇನಪ್ಪಾ?"

"ಹೂಂ ಬೀಯಮ್ಮ."

"ಗೊತ್ತಾಯ್ತು ಬಿಡು. ಮುನವ್ವರಾ, ಆ ಕುಪ್ಪಸದ ಬಟ್ಟೆ ತರುಸ್ಕೋ. ಗಂಗರಾಜು, ನೀನು ಇನ್ನೊಂದ್ ಸಲ ತಪ್ಪು ಮಾಡ್ಬೇಡ. ಮಾಡಿದ್ರೂ ತಂಬಿಟ್ಟು ಮಾಡ್ಬೇಡ. ನಮಗೆ ಇರೋದೇ ನಾಕ್ ಹಲ್ಲು!"

ಮಾರನೆಯ ಬೆಳಗ್ಗೆ ಹಿತ್ತಲ ಗೋಡೆಗೆ ಸೌಟು ಕುಟ್ಟಿದ ಸದ್ದು ಕೇಳಿತು. ನಾನೇ ಎದ್ದು ಓಡಿ ನೀರು ಹಿಡಿದೆ. ನಾದಸ್ವರ ಕೂಡ ನನಗೆ ಅಷ್ಟು ಇಂಪಾಗಿ ಕೇಳಿಸಿದ್ದಿಲ್ಲ.

ಶಾಸ್ತ್ರದ ದಿನ ನಾನು ಹಿತ್ತಲ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತೆ. ಒಳಗೆ ಬರುವುದನ್ನು ಈ ಸಲ ನಾನೇ ಬರೆಯುತ್ತೇನೆ ಎಂದು. ಕೊಳಗ ಎರಡು, ಹಂಡೆ ಒಂದು, ಹಾಲು, ಮೊಸರು, ಬಾಳೆಎಲೆ, ತೆಂಗಿನಕಾಯಿ, ಜಮಖಾನ, ಹೂವು, ಸೌಟು, ಹೆಂಗಸರು ಒಂಬತ್ತಲ್ಲ, ಹದಿನಾಲ್ಕು! ಒಂದೂವರೆ ಪುಟ ಬರೆದು ಕೈ ಸೋತು ಪೆನ್ನು ಇಟ್ಟೆ. ಸ್ವಾಮಿಗೆ ಕೊಡುವ ಸಂಬಳ ಸಾಲದು ಎಂದು ಮೊದಲ ಸಲ ಅನಿಸಿತು.

ಮುನವ್ವರಾ ಹೊಲಿದ ಕುಪ್ಪಸ ತೊಟ್ಟು ಮಮತಾ ಹಸೆಮಣೆ ಮೇಲೆ ಕೂತಳು. ಮುಂಗೈಯಿಂದ ಮೊಣಕೈಯವರೆಗೆ ಹಸಿರು ಬಳೆ. ನಮ್ಮವ್ವ ಮೊದಲ ಬಳೆ ಇಕ್ಕಿದಳು, ಗುಲ್ಜಾರ್ ಬೀ ನೆಟಿಗೆ ತೆಗೆದರು. ಶಿವಲಕ್ಷ್ಮಿ ತಂಗಿಯ ತಲೆ ಸವರಿ, ಗೋಡೆಯ ಮೇಲಿದ್ದ ಅವಳವ್ವನ ಫೋಟೋ ಕಡೆ ಒಮ್ಮೆ ನೋಡಿದಳು. ನಾನು ಆ ಮುಖ ನೋಡಿ, ಹೊಗೆ ಜಾಸ್ತಿ ಎನ್ನುತ್ತಾ ಕಣ್ಣೊರೆಸಿಕೊಂಡೆ. ಒಲೆ ಇದ್ದದ್ದು ಹಿತ್ತಲಲ್ಲಿ.

ಎಂಬತ್ತು ಎಲೆ ಎಂದದ್ದು ತೊಂಬತ್ತಾರಾಯಿತು. ಎಲ್ಲರೂ ಉಂಡರು, ಮಿಕ್ಕಿತು. ಸಂಜೆ ಶಿವಲಕ್ಷ್ಮಿ ನನ್ನ ಕೈಗೆ ಮುನ್ನೂರ ಅರವತ್ತು ರೂಪಾಯಿ ಇಟ್ಟಳು.

"ಇದೇನು?"

"ಹತ್ತು ಸಾವ್ರದಲ್ಲಿ ಮಿಕ್ಕಿದ್ದು."

ಕೋಟು ಹಾಕಿದ ಆ ವಿಡಿಯೋ ಮಹಾನುಭಾವ ಎದುರಿಗೆ ಸಿಕ್ಕಿದ್ದರೆ ಇವಳ ಕಾಲಿಗೆ ಬೀಳಿಸುತ್ತಿದ್ದೆ! ಹೆಂಗಸರು ಮಿಕ್ಕ ಪಾಯಸ, ಪಲ್ಯ ತುಂಬಿಕೊಂಡು ಹೊರಟರು. 'ಗಂಗರಾಜು' ಎಂಬ ಹೆಸರಿನ ಹನ್ನೊಂದು ಪಾತ್ರೆಯೂ ಒಂದರ ಹಿಂದೆ ಒಂದು ಗೇಟು ದಾಟಿದವು. ನಾನೇ ಗೇಟು ತೆಗೆದು ಹಿಡಿದು ನಿಂತಿದ್ದೆ.

ಮುಂದಿನ ಭಾನುವಾರ ಗುಲ್ಜಾರ್ ಬೀ ಹಿತ್ತಲ ಗೋಡೆಯಾಚೆಯಿಂದ ಕೂಗಿದರು. "ಶಿವಲಕ್ಷ್ಮಿ, ನಮ್ ಬೀರು ಮಹಡಿಗೆ ಏರಿಸ್ಬೇಕವ್ವ. ಒಸಿ ನಿನ್ ಗಂಡನ್ನ ಕಳಿಸ್ತೀಯಾ?"

"ಅದಕ್ಕೇನಂತೆ, ಕಳಿಸ್ತೀನಿ," ಎಂದವಳೇ ಒಳಗೆ ಹೋಗಿ ನನ್ನ ಗೇಟ್‌ಪಾಸ್ ಪುಸ್ತಕ ತಂದಳು. ಕಾರ್ಬನ್ ಇಟ್ಟು, ನಾಲಿಗೆ ಕಚ್ಚಿಕೊಂಡು ಬರೆದಳು. ಮಾನ್ಯ ಜೋರಾಗಿ ಓದಿದಳು. "ಐಟಂ: ಗಂಡ. ಸಂಖ್ಯೆ: ಒಂದು. ಸ್ಥಿತಿ: ಹಳೇದು, ಕೆಲಸಕ್ಕೆ ಬರುತ್ತೆ. ಉದ್ದೇಶ: ಬೀರು. ರಿಟರ್ನೆಬಲ್."

"ವಾಪಸ್ ಬರ್ಬೇಕಲ್ಲಾ, ಅದ್ಕೇ ಬರ್ದೆ," ಎಂದಳು ಶ್ರೀಮತಿ, ಸಹಿ ಹಾಕುತ್ತಾ.

ಬೀರು ಎಂದರೆ ಬೀರಲ್ಲ, ಒಂದು ಸಣ್ಣ ಬೆಟ್ಟ! ಇಪ್ಪತ್ತೆರಡು ಮೆಟ್ಟಿಲು, ಎರಡು ತಿರುವು. ಏರಿಸಿ ಇಳಿಯುವಷ್ಟರಲ್ಲಿ ನನ್ನ ಸೊಂಟ ಒಂದು ಕಡೆ, ನಾನು ಒಂದು ಕಡೆ. ಬೆವರೊರೆಸಿಕೊಂಡು ಹೊರಟಾಗ ಗುಲ್ಜಾರ್ ಬೀ ಓಡಿ ಬಂದು ಒಂದು ದೊಡ್ಡ ಡಬ್ಬಿ ನನ್ನ ಕೈಗಿಟ್ಟರು. ಬಿಸಿ ಬಿಸಿ ಖೀರು.

"ಅಯ್ಯೋ, ಇದೆಲ್ಲ ಯಾಕೆ ಬೀಯಮ್ಮ?"

"ಬರೀ ಪಾತ್ರೆ ವಾಪಸ್ ಕಳಿಸ್ಬಾರ್ದು ಕಣಪ್ಪ. ಶಿವಲಕ್ಷ್ಮಿ ಏನಂದ್ಕೊತಾಳೆ?"

ನಾನು ತಲೆದೂಗಿ, ಖೀರಿನ ವಾಸನೆ ಹೀರುತ್ತಾ ನಮ್ಮ ಗೇಟಿನವರೆಗೂ ಬಂದೆ. ಆಮೇಲೆ ಹೊಳೆಯಿತು. ಬೆಳಗ್ಗೆ ನಾನು ಅವರ ಮನೆಗೆ ಯಾವ ಪಾತ್ರೆಯನ್ನೂ ಒಯ್ದಿರಲಿಲ್ಲ. ಪಾಸಿನ ಮೇಲೆ ಹೋಗಿದ್ದ ಐಟಂ ನಾನೊಬ್ಬನೇ!